ಬೆನ್ನ ಹಿಂದಿನ ಸೀಟು

"ಕಾರಿನ ಚಂದ ನೋಡೋರು ಎದುರುಮನೆಯವರು. ಒಳಗೆ ಕೂತು ಸವೆಯೋರು ನಾವು."

ಇದು ಅತ್ತೆಯ ಮಾತು. ಈ ಒಂದು ಮಾತಿನಿಂದಲೇ ಅವರು ಪತ್ರಿಕೆಯ ಅರ್ಧಕ್ಕರ್ಧ ಓದುಗರಿಗೆ ಅತ್ತೆಯಾಗಿಬಿಟ್ಟಿದ್ದರು.

ಸೊಸೆ ಆ ಪತ್ರಿಕೆಗೆ ಕಾರುಗಳ ಬಗ್ಗೆ ಬರೆಯುವವಳು. ಹೊಸದಾಗಿ ಬಂದ ಕಾರನ್ನು ನಾಲ್ಕಾರು ದಿನ ಮನೆಯಲ್ಲಿಟ್ಟುಕೊಂಡು ಓಡಿಸಿ, ಕೊಳ್ಳಬೇಕೆಂದು ಲೆಕ್ಕ ಹಾಕುತ್ತಿರುವವರಿಗೆ ಅದರ ಹುಳುಕು ಹೂರಣ ಎರಡನ್ನೂ ಬಿಡಿಸಿ ಹೇಳುವುದು ಅವಳ ಕೆಲಸ. ಬೇರೆ ಪತ್ರಿಕೆಗಳ ಗಂಡಸರು ಎಂಜಿನ್ನಿನ ಶಕ್ತಿಯನ್ನೂ ಗಾಳಿ ಸೀಳುವ ವೇಗವನ್ನೂ ಹೊಗಳುತ್ತಿದ್ದರೆ, ಇವಳು ಬರೆಯುತ್ತಿದ್ದುದು ನಿದ್ದೆ ಹೋದ ಮಗುವನ್ನು ಎತ್ತಿಕೊಳ್ಳುವಾಗ ತಲೆ ಬಾಗಿಲಿಗೆ ಬಡಿಯುತ್ತದೋ ಇಲ್ಲವೋ, ಸ್ಟೆಪ್ನಿ ಟೈರು ನುಂಗಿ ಉಳಿದ ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸು ಹಿಡಿಯುತ್ತವೆ ಎಂಬುದನ್ನು. ಓದುಗರು ಅವಳನ್ನು ಡ್ರೈವರಮ್ಮ ಎನ್ನುತ್ತಿದ್ದರು. ಹಾಗೆ ಹೆಸರಿಟ್ಟವರೂ ಅತ್ತೆಯೇ. ಕುಟುಕುವುದಕ್ಕೆ ಇಟ್ಟ ಹೆಸರು ಕೊನೆಗೆ ಹಣೆಗೇ ಅಂಟಿಕೊಂಡಿತು.

ಪ್ರತಿ ಲೇಖನದ ಕೊನೆಗೆ ದಪ್ಪ ಅಕ್ಷರದಲ್ಲಿ ಅತ್ತೆಯ ಒಂದು ಸಾಲು ಇರುತ್ತಿತ್ತು. "ಇಳಿಯುವಾಗ ಯಾರ ಕೈಯನ್ನೂ ಹಿಡಿಯಬೇಕಾಗಲಿಲ್ಲ" ಎಂದು ಒಂದು ಕಾರಿಗೆ. "ಸೀಟು ಬಹಳ ಮೆತ್ತಗಿದೆ, ಅಷ್ಟು ಮೆತ್ತಗಿರುವವರನ್ನು ನಾನು ನಂಬುವುದಿಲ್ಲ" ಎಂದು ಇನ್ನೊಂದಕ್ಕೆ. ಜನ ಲೇಖನ ಬಿಟ್ಟು ಮೊದಲು ಆ ಸಾಲನ್ನೇ ಓದುತ್ತಿದ್ದರು.

ಅತ್ತೆ ಕೂರುತ್ತಿದ್ದುದು ಡ್ರೈವರಮ್ಮನ ಸೀಟಿನ ನೇರ ಹಿಂದೆ. ಯಾವ ಕಾರೇ ಬರಲಿ, ಅಲ್ಲೇ. ಮುಂದಿನ ಪಕ್ಕದ ಸೀಟು ಖಾಲಿಯಿದ್ದು, ಅದರ ಹಿಂದೆ ಕಾಲು ಚಾಚಿ ಮಲಗುವಷ್ಟು ಜಾಗವಿದ್ದರೂ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೊಣಕಾಲಿಗೆ ಇಕ್ಕಟ್ಟಾದರೆ ಬಾಯಿ ಬಿಡುತ್ತಿರಲಿಲ್ಲ. ಬೆರಳ ಗಿಣ್ಣಿನಿಂದ ಮುಂದಿನ ಸೀಟಿನ ಬೆನ್ನಿಗೆ ಎರಡು ಸಲ ಕುಟ್ಟುತ್ತಿದ್ದರು. ಟಕ್, ಟಕ್. ಮುಂದೆ ಸರಿ ಎಂದರ್ಥ. ಡ್ರೈವರಮ್ಮ ಸೀಟಿನ ಕೆಳಗಿನ ಸರಳು ಎತ್ತಿ ಮುಂದೆ ಸರಿಯುತ್ತಿದ್ದಳು.

ಅಂಥ ಅತ್ತೆ ಕಳೆದ ಚಳಿಗಾಲದಲ್ಲಿ, ಬೆಳಗಿನ ಚಹಾ ಆರುವುದರೊಳಗೆ, ಯಾರಿಗೂ ಹೇಳದೆ ಕೇಳದೆ ಹೊರಟುಹೋದರು.

ಡ್ರೈವರಮ್ಮ ಕೆಲವು ತಿಂಗಳು ರಜೆ ಹಾಕಿದಳು. ಮತ್ತೆ ಕಚೇರಿಗೆ ಬಂದಾಗ ಸಂಪಾದಕಿ ಎದುರಿಗೆ ಕೂರಿಸಿಕೊಂಡು ವಿಷಯಕ್ಕೇ ಬಂದರು.

"ನೋಡಮ್ಮಾ, ಈ ಹೊಸ ಸೆಡಾನ್ ಕಾರಿನ ವಿಷಯ ಕೇಳಿ ಕೇಳಿ ಜನ ನನ್ನ ತಲೆ ತಿಂತಿದ್ದಾರೆ. ಸಣ್ಣ ಕಾರು ಸಾಲಲ್ಲ, ದೊಡ್ಡದು ಕೈಗೆಟಕಲ್ಲ ಅನ್ನೋ ಮನೆಗಳೆಲ್ಲ ಇದರ ಮೇಲೆ ಕಣ್ಣಿಟ್ಟಿವೆ. ಅತ್ತೆ ಏನಂತಾರೆ, ಅತ್ತೆ ಏನಂತಾರೆ, ಬರೀ ಇದೇ."

"ಅತ್ತೆ ಇಲ್ವಲ್ಲ ಮೇಡಂ."

"ಅದು ನಿನಗೆ ಗೊತ್ತು, ನನಗೆ ಗೊತ್ತು. ಅವರಿದ್ದಿದ್ರೆ ಏನು ಹೇಳ್ತಿದ್ರು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಸಾಲು ತಾನೇ. ಆ ಸಾಲು ಇಲ್ದೆ ನಿನ್ನ ಅಂಕಣ ನಡೆಯಲ್ಲ ಅಂತ ನಿನಗೂ ಗೊತ್ತು. ಕಾರು ವಾಪಸ್ ಕೊಡೋ ದಿನ ನನಗದು ಬೇಕು."

ಅಂಕಣ ಹೋದರೆ ಹೋಗುವುದು ಸಂಬಳ ಮಾತ್ರವಲ್ಲವೆಂದು ಡ್ರೈವರಮ್ಮನಿಗೆ ಗೊತ್ತಿತ್ತು. ಸ್ಟೀರಿಂಗ್ ಹಿಡಿದಿರುವಷ್ಟು ಹೊತ್ತು ಅವಳು ಯಾರಿಗೂ ಏನನ್ನೂ ಬಡಿಸಬೇಕಿರಲಿಲ್ಲ, ಒಗೆಯಬೇಕಿರಲಿಲ್ಲ, ಹುಡುಕಿಕೊಡಬೇಕಿರಲಿಲ್ಲ. ದಿನದಲ್ಲಿ ತನ್ನದೆನ್ನಬಹುದಾದ ಜಾಗ ಅದೊಂದೇ.

ಕಾರನ್ನು ಒಪ್ಪಿಸಲು ಕಂಪನಿಯವನು ಕಚೇರಿಯ ನೆಲಮಾಳಿಗೆಗೆ ಬಂದ. ಬೂದಿ ಬಣ್ಣದ, ಉದ್ದ ಮೂತಿಯ, ಅತ್ತ ಅಹಂಕಾರವೂ ಇಲ್ಲದ ಇತ್ತ ದೈನ್ಯವೂ ಇಲ್ಲದ ಕಾರು. ಒಳಗೆ ಹೊಸ ರಬ್ಬರಿನ ವಾಸನೆ.

"ಮೀಟರ್ ಹತ್ರ ಸೀಟುಗಳ ಈ ಪುಟ್ಟ ಚಿತ್ರ ಇದೆಯಲ್ಲ ಮೇಡಂ, ಹಿಂದೆ ಯಾರು ಬೆಲ್ಟ್ ಹಾಕಿಲ್ವೋ ಅವರ ಸೀಟಿಗೆ ಕೆಂಪು ದೀಪ ಬರುತ್ತೆ. ಜೊತೆಗೆ ಸದ್ದು. ಹಾಕೋ ತನಕ ಸುಮ್ನಿರಲ್ಲ, ಹಟಮಾರಿ ಮಗು ಥರ."

"ಕೈಚೀಲ ಇಟ್ರೂ ಕೂಗುತ್ತಾ? ಹೋದ ಸಲದ ಕಾರು ಒಂದು ಕಲ್ಲಂಗಡಿಗೆ ಬೆಲ್ಟ್ ಹಾಕಿಸಿತ್ತು."

ಅವನು ನಕ್ಕ. "ಇದು ಹಾಗಲ್ಲ. ಇದಕ್ಕೆ ಮನುಷ್ಯರ ಭಾರಾನೇ ಆಗಬೇಕು."

ಮೊದಲ ದಿನ ಅವಳು ಒಬ್ಬಳೇ ಊರ ಹೊರಗಿನ ರಸ್ತೆಗೆ ಹೋದಳು. ಕಾರು ಒಳ್ಳೆಯದೇ. ಹೊಂಡಕ್ಕೆ ಇಳಿದು ಹತ್ತಿದರೂ ಹೊಟ್ಟೆಯ ನೀರು ಅಲುಗಲಿಲ್ಲ. ಬ್ರೇಕು ಒದೆಯದೆ, ಕೈ ಹಿಡಿದು ನಿಲ್ಲಿಸಿದಂತೆ ನಿಲ್ಲಿಸುತ್ತಿತ್ತು. ಗೇರು ಬೆಣ್ಣೆಯಂತೆ ಬೀಳುತ್ತಿತ್ತು. ಗಾಳಿಯ ಸದ್ದು ಕನ್ನಡಿಯ ಬಳಿ ಚೂರು ಇತ್ತು, ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು. ಮೋಡ ಕವಿದ ಮಧ್ಯಾಹ್ನ. ರಸ್ತೆಯ ಎರಡೂ ಬದಿಗೆ ಉಗ್ರಾಣಗಳ ತಗಡಿನ ಗೋಡೆಗಳು.

ಆಗ ಕೆಂಪು ದೀಪ ಹತ್ತಿತು. ಬೆನ್ನ ಹಿಂದಿನ ಸೀಟು. ಟಿಂವ್, ಟಿಂವ್, ಟಿಂವ್.

ಬದಿಗೆ ನಿಲ್ಲಿಸಿ ಇಳಿದು ಹಿಂದಿನ ಬಾಗಿಲು ತೆರೆದಳು. ಏನೂ ಇರಲಿಲ್ಲ. ಕೈಚೀಲ ಮುಂದಿತ್ತು. ಬಗ್ಗಿ ಸೀಟನ್ನು ಅಂಗೈಯಲ್ಲಿ ಒತ್ತಿನೋಡಿದಳು. ಹೊಸ ಕಾರಿನ ಸೀಟು ಒತ್ತಿ ಬಿಟ್ಟರೆ ಪುಟಿದು ಮೇಲೇಳಬೇಕು. ಇದು ಏಳಲಿಲ್ಲ. ಯಾರೋ ಈಗಷ್ಟೇ ಎದ್ದುಹೋದ ಹಾಗೆ, ಅಥವಾ ಇನ್ನೂ ಎದ್ದಿಲ್ಲದ ಹಾಗೆ, ನಡುವೆ ಸಣ್ಣ ತಗ್ಗು.

"ಮೊದಲ ದಿನಾನೇ ರೋಗ ಹಿಡೀತಾ ನಿನಗೆ?" ಎಂದು ಕಾರಿಗೆ ಗದರಿ, ಖಾಲಿ ಸೀಟಿಗೆ ಬೆಲ್ಟ್ ಎಳೆದು ಸಿಕ್ಕಿಸಿದಳು. ಸದ್ದು ನಿಂತಿತು.

ಗೇರು ಹಾಕಿ ಸ್ವಲ್ಪ ದೂರ ಬಂದಿರಬಹುದು, ಬೆನ್ನಿಗೆ ತಾಗಿತು. ಟಕ್, ಟಕ್.

ಮನಸ್ಸು ಹೆದರುವುದಕ್ಕೆ ಮೊದಲೇ ಮೈ ಕೆಲಸ ಮುಗಿಸಿತ್ತು. ಕೈ ತಾನೇ ಕೆಳಗಿಳಿದು ಸರಳು ಎತ್ತಿ, ಸೀಟು ಕಟಕಟನೆ ಮುಂದೆ ಸರಿದು, ಮೊಣಕಾಲು ಸ್ಟೀರಿಂಗಿನ ಕೆಳಗೆ ಹೋಗಿ ತಾಗಿತ್ತು. ಅದಾದ ಮೇಲೆ ಅವಳ ಕತ್ತಿನ ಹಿಂದೆ ಕೂದಲು ನಿಮಿರಿತು. ಕನ್ನಡಿಯಲ್ಲಿ ನೋಡಿದಳು. ಖಾಲಿ ಸೀಟು, ಅದರ ಮೇಲೆ ಅಡ್ಡ ಬಿದ್ದ ಕಪ್ಪು ಬೆಲ್ಟು, ಹಿಂದಿನ ಗಾಜಿನಾಚೆ ಓಡಿಹೋಗುತ್ತಿರುವ ರಸ್ತೆ. ಮನೆ ತಲುಪುವ ತನಕ ಅವಳು ರೇಡಿಯೋ ಹಾಕಲಿಲ್ಲ. ಹಾಕಿದರೆ ಹಿಂದಿನವರಿಗೆ ಸದ್ದಾಗುತ್ತದೆ ಎಂದು. ಹಾಗೆ ಅಂದುಕೊಂಡದ್ದು ಮನೆಯ ಗೇಟಿನ ಬಳಿ ನೆನಪಾಗಿ, ಕಾರಿಗೆ ಬೀಗ ಹಾಕಿ ಹಿಂದೆ ನೋಡದೆ ಒಳಗೆ ನಡೆದಳು.

ಮರುದಿನ ಪತ್ರಿಕೆಯ ಫೋಟೋಗ್ರಾಫರ್ ಬಂದ. ಕಂಬದಂತೆ ಉದ್ದ, ತಲೆ ಮಾತ್ರ ಬೋಳು. ಅವಳೊಂದಿಗೆ ಎಷ್ಟೋ ಕಾರುಗಳ ಚಿತ್ರ ತೆಗೆದವನು.

"ಏನ್ ತಾಯಿ, ಸ್ಟೀರಿಂಗ್ ಎದೆಗವಚಿಕೊಂಡು ಕೂತಿದ್ದೀರಿ? ಕಳ್ಳರ ಭಯವೋ?"

"ನಾನು ಯಾವಾಗ್ಲೂ ಕೂರೋದೇ ಹೀಗೆ."

"ಯಾವಾಗ್ಲೂ ನಾನು ಮುಂದೆ ನಿಂತು ಫೋಟೋ ತೆಗೀತಿದ್ದೆ. ಇವತ್ತು ಪಕ್ಕದಿಂದ ನೋಡ್ತಿದ್ದೀನಿ. ಈ ಥರ ಕೂತು ಯಾವ ಪ್ರಾಣಿಯೂ ಕಾರು ಓಡಿಸಲ್ಲ. ಸ್ವಲ್ಪ ಹಿಂದೆ ಹೋಗಿ. ಇನ್ನೂ ಹೋಗಿ. ಹಾಂ, ಈಗ ಮನುಷ್ಯರ ಥರ ಕಾಣ್ತಿದ್ದೀರಿ."

ಸೀಟು ಹಿಂದೆ ಹೋಗಿ ನಿಂತಲ್ಲಿ ಅವಳ ಕಾಲು ಮೊದಲ ಬಾರಿಗೆ ತನ್ನ ಉದ್ದವನ್ನೆಲ್ಲ ಕಂಡಿತು. ಭುಜ ಇಳಿಯಿತು. ಸೊಂಟದೊಳಗಿನ ಹಳೇ ನೋವು, ಡಾಕ್ಟರ್ ನೋಡಿ ಇದು ವಯಸ್ಸಿನದು ಎಂದದ್ದು, ಅವಳು ಇದು ಕಸುಬಿನ ಕಂದಾಯ ಎಂದುಕೊಂಡದ್ದು, ಹಿಡಿ ಬಿಚ್ಚಿದಂತೆ ಸಡಿಲವಾಯಿತು.

ಫೋಟೋಗ್ರಾಫರ್ ಅವಳ ಹಿಂದಿನ ಸೀಟಿಗೆ ಹತ್ತಲು ನೋಡಿದ. "ಅಯ್ಯೋ! ಇಲ್ಲಿ ಕಾಲು ಕಳಚಿ ಡಿಕ್ಕೀಲಿ ಇಡಬೇಕು. ಆಚೆ ಕಡೆ ಪರವಾಗಿಲ್ಲ, ಮುಂದಿನ ಸೀಟು ಸರಿಸಿಕೊಂಡ್ರೆ ಆಯ್ತು. ಇಲ್ಲಿ ಮಾತ್ರ ದೇವರೇ ಗತಿ."

"ನಿಮ್ಮ ಕಾಲು ಉದ್ದ."

"ನೀವೇ ಬನ್ನಿ, ನೋಡಿ."

ಅವಳು ಇಳಿದು, ಸಿಕ್ಕಿಸಿದ್ದ ಬೆಲ್ಟನ್ನು ಬಿಚ್ಚದೆ ಅದರ ಮೇಲೆಯೇ, ತನ್ನ ಬೆನ್ನ ಹಿಂದೆ ತಾನೇ ಕೂತು ನೋಡಿದಳು. ಮೊಣಕಾಲು ಮುಂದಿನ ಸೀಟಿಗೆ ಒತ್ತಿತು.

ಎಷ್ಟೋ ಓದುಗರು ಕೇಳಿದ್ದರು: ನೀವು ಬರೆದಷ್ಟು ಜಾಗ ನಮ್ಮ ಕಾರಿನಲ್ಲಿ ಇಲ್ಲವಲ್ಲ ಎಂದು. ನಿಮ್ಮ ಮನೆಯವರೆಲ್ಲ ಬಹಳ ಎತ್ತರವಿರಬೇಕು ಎಂದು ಅವಳು ನಗುತ್ತ ಉತ್ತರಿಸಿದ್ದಳು. ಇಷ್ಟು ವರ್ಷ 'ಹಿಂದೆ ಧಾರಾಳ ಜಾಗ' ಎಂದು ಅವಳು ಬರೆದದ್ದೆಲ್ಲ ಯಾವ ಕಂಪನಿಯೂ ಕೊಟ್ಟ ಜಾಗವಲ್ಲ. ತಾನು ಬಿಟ್ಟುಕೊಟ್ಟ ಜಾಗ. ಅದನ್ನೇ ಅಳೆದು, ಅದನ್ನೇ ನಂಬಿ, ಊರವರಿಗೆಲ್ಲ ಮಾರಿಕೊಟ್ಟಿದ್ದಳು.

ಕಾರನ್ನು ಹಿಂದಿರುಗಿಸುವ ಹಿಂದಿನ ದಿನ ಅವಳು ಗಂಡನನ್ನು ಕೇಳಿದಳು. ಅವನಿಗೆ ಕನ್ನಡಕದ ಅಂಗಡಿ. ಮನೆಯಲ್ಲೂ ಯಾರದೋ ಕನ್ನಡಕದ ಕಡ್ಡಿಯ ತಿರುಪು ಬಿಗಿಸುತ್ತ ಕೂತಿದ್ದ.

"ರೀ, ಅಮ್ಮ ಯಾಕೆ ಯಾವಾಗ್ಲೂ ನನ್ನ ಹಿಂದೇನೇ ಕೂರ್ತಿದ್ರು? ಆ ಕಡೆ ಅಷ್ಟೊಂದು ಜಾಗ ಇರ್ತಿತ್ತಲ್ಲ."

ಗಂಡ ತಿರುಪುಳಿ ಕೆಳಗಿಟ್ಟ. "ನಿನ್ನ ಸೀಟು, ನಿನ್ನ ಬೆನ್ನು ಅಡ್ಡ ಇದ್ರೆ ರಸ್ತೆ ಕಾಣಲ್ಲ, ಅದಕ್ಕೆ. ಆ ಕಡೆ ಕೂತ್ರೆ ಎದುರಿಂದ ಬರೋದೆಲ್ಲ ಓರೆಯಾಗಿ ಕಾಣುತ್ತೆ."

"ರಸ್ತೆ ಕಂಡ್ರೆ ಏನು?"

"ಅಪ್ಪ ಹೋದಾಗ ಅಮ್ಮ ಪಕ್ಕದ ಸೀಟಲ್ಲಿದ್ರು. ಎದುರಿಂದ ಬಂದದ್ದನ್ನ ಕಣ್ಣಾರೆ ನೋಡಿದ್ರು. ಆಮೇಲೆ ರಸ್ತೆ ಕಾಣೋ ಜಾಗದಲ್ಲಿ ಅವರು ಕೂತೇ ಇಲ್ಲ."

ಮಾವ ಅಪಘಾತದಲ್ಲಿ ಹೋದದ್ದು ಅವಳಿಗೆ ಗೊತ್ತಿತ್ತು. ಆ ಕಾರಿನಲ್ಲಿ ಅತ್ತೆಯೂ ಇದ್ದರೆಂದು ಈ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಬೇಡ ಅಂದಿದ್ರು. ಗೊತ್ತಾದ್ರೆ ನನ್ನನ್ನ ಮನೇಲೇ ಬಿಟ್ಟು ಹೋಗ್ತಾಳೆ, ಇಲ್ಲಾ ಓಡಿಸೋದನ್ನೇ ಬಿಡ್ತಾಳೆ, ಎರಡೂ ಬೇಡ ಅಂತ." ಅವನು ಮತ್ತೆ ತಿರುಪುಳಿ ಎತ್ತಿಕೊಂಡ. ತಿರುಪು ಬಿಗಿಸುತ್ತ, ತಲೆ ಎತ್ತದೆ, "ಪತ್ರಿಕೆಯವರು ಕೇಳಿದ್ರು ಅಂತ ಅವರ ಬಾಯಲ್ಲಿ ನೀನು ಮಾತು ತುರುಕಬೇಡ ಕಣೇ. ಇದ್ದಾಗ್ಲೇ ಯಾರೂ ತುರುಕೋಕೆ ಆಗ್ಲಿಲ್ಲ," ಎಂದ.

ಹಾಸಿಗೆಯಲ್ಲಿ ಅವಳು ಅದನ್ನೇ ಮಗುಚಿ ಹಾಕಿದಳು. ಹೆದರಿದ ಜೀವವೊಂದು ತನ್ನ ಬೆನ್ನನ್ನು ಗೋಡೆ ಮಾಡಿಕೊಂಡು ಇಷ್ಟು ವರ್ಷ ಊರೆಲ್ಲ ಸುತ್ತಿತ್ತು. ಕುಟುಕುತ್ತ, ಗೊಣಗುತ್ತ, ಸೀಟಿಗೆ ಹೆಸರಿಡುತ್ತ. ಅದು ಗೊತ್ತಾದ ಮೇಲೆ ಮುಂದೆ ಸರಿಯದೆ ಇರುವುದು ಹೇಗೆ? ಆದರೆ ಸರಿದರೆ ನಾಳೆ ಮತ್ತೆ ಬರೆಯಬೇಕು, ಹಿಂದೆ ಧಾರಾಳ ಜಾಗವಿದೆ ಎಂದು. ಅತ್ತೆಯ ಹೆಸರಿನಲ್ಲಿ ಒಂದು ಸಾಲು ಕೂಡಿಸಬೇಕು. ಯಾವುದೋ ಮನೆಯವರು ಅದನ್ನು ನಂಬಿ ಕಾರು ತರುತ್ತಾರೆ. ಇನ್ಯಾರೋ ಸೊಸೆ, ಇನ್ಯಾರೋ ಮಗಳು ಸ್ಟೀರಿಂಗಿಗೆ ಎದೆ ಒತ್ತಿಕೊಂಡು ಕೂರುತ್ತಾಳೆ. ಮುಂದಿನ ಕಾರಿನಲ್ಲೂ ಟಕ್ ಟಕ್. ಅದರ ಮುಂದಿನದರಲ್ಲೂ.

ಬೆಳಿಗ್ಗೆ ಹೊರಟಾಗ ಅವಳು ಸೀಟನ್ನು ಹಿಂದೆ ಸರಿಸಿ, ಫೋಟೋಗ್ರಾಫರ್ ತೋರಿಸಿದ ಜಾಗದಲ್ಲಿ ನಿಲ್ಲಿಸಿದಳು. ಕಂಪನಿಯ ಅಂಗಳಕ್ಕೆ ಹೋಗುವ ದಾರಿ ಊರು ದಾಟಿ, ಗುಡ್ಡ ಹತ್ತಿ ಇಳಿಯುತ್ತಿತ್ತು. ಬೆನ್ನ ಹಿಂದಿನ ಬೆಲ್ಟು ಅವಳು ಮೊದಲ ದಿನ ಸಿಕ್ಕಿಸಿದಂತೆಯೇ ಇತ್ತು. ಅದನ್ನು ಬಿಚ್ಚುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಊರು ದಾಟುವ ತನಕ ಏನೂ ಇಲ್ಲ. ಏರು ಶುರುವಾಗುವಲ್ಲಿ, ಟಕ್, ಟಕ್.

ಅವಳು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಳು. ಕೈ ಕೆಳಗಿಳಿಯಲು ಹೊರಟಿತ್ತು, ಹಿಡಿದು ನಿಲ್ಲಿಸಿದಳು.

ಟಕ್, ಟಕ್.

ಆಮೇಲೆ ಕುಟ್ಟಲಿಲ್ಲ. ಬದಲಿಗೆ ಸೀಟಿನ ಬೆನ್ನಿನೊಳಗಿಂದ ಎರಡು ಗುಂಡನೆಯ ಒತ್ತುಗಳು ಬಂದವು. ಸೊಂಟದ ಎರಡೂ ಬದಿಗೆ, ಮೊದಲು ಮೆಲ್ಲಗೆ, ಆಮೇಲೆ ಬಲವಾಗಿ. ಮೊಣಕಾಲುಗಳು. ಸಂಧಿವಾತದಿಂದ ಊದಿಕೊಂಡ, ರಾತ್ರಿಗಳಲ್ಲಿ ಅವಳೇ ಎಣ್ಣೆ ತಿಕ್ಕಿ ಆಕಾರ ಬಲ್ಲ ಮೊಣಕಾಲುಗಳು. ಎಡಗಡೆಯದು ಬಲಗಡೆಯದಕ್ಕಿಂತ ದಪ್ಪ ಎಂಬುದೂ ಬೆನ್ನಿಗೆ ತಿಳಿಯುತ್ತಿತ್ತು.

ಅವಳಿಗೆ ಅಳು ಬಂತು, ಹೆದರಿಕೆಯೂ ಬಂತು. ಯಾವುದು ಮೊದಲು ಬಂತೋ ಹೇಳಲಾಗದು. ಗಟ್ಟಿಯಾಗಿ ಹೇಳಿದಳು.

"ಅತ್ತೆ, ಇದು ನನ್ನ ಜಾಗ. ನಾನು ಸರಿಯಲ್ಲ."

ಒತ್ತು ಹಾಗೇ ಇತ್ತು.

"ನಿಮಗೆ ಯಾಕೆ ಬೇಕು ಅಂತ ಗೊತ್ತಾಯ್ತು. ನಿಮ್ಮ ಮಗ ಹೇಳಿದ್ರು. ಆದ್ರೂ ಸರಿಯಲ್ಲ. ಆ ಕಡೆ ಜಾಗ ಇದೆ. ಅಲ್ಲಿಗೆ ಹೋಗಿ. ಹೆದರಿಕೆ ಆದ್ರೆ ನನಗೆ ಹೇಳಿ. ಇಷ್ಟು ವರ್ಷ ಹೇಳಲಿಲ್ಲ, ಈಗಲಾದ್ರೂ ಹೇಳಿ."

ಗುಡ್ಡದ ನೆತ್ತಿ ಬಂತು.

ಹಿಂದೆ ಕ್ಲಿಕ್ ಎಂದಿತು.

ಬೆಲ್ಟು ಸರ್ರನೆ ತನ್ನ ಗೂಡಿಗೆ ಸೇರಿಕೊಂಡ ಸದ್ದು. ಬೆನ್ನಿನ ಒತ್ತು ಹೋಯಿತು. ಮೀಟರಿನ ಬಳಿಯ ಪುಟ್ಟ ಚಿತ್ರದಲ್ಲಿ ಅವಳ ಹಿಂದಿನ ಸೀಟು ಕೆಂಪಾಯಿತು, ಆರಿತು. ನಡುವಿನದು ಕೆಂಪಾಯಿತು, ತುಸು ಹೊತ್ತು ಹಾಗೇ ಉಳಿಯಿತು; ಮೊಣಕಾಲು ನೋಯುವವರು ಸರಿಯುವುದಕ್ಕೆ ಹಿಡಿಯುವಷ್ಟು ಹೊತ್ತು. ಆಮೇಲೆ ಅದೂ ಆರಿ, ಪಕ್ಕದ ಸೀಟಿನ ಹಿಂದಿನದು ಹತ್ತಿತು. ಟಿಂವ್, ಟಿಂವ್, ಟಿಂವ್.

ಅವಳು ಕಾರು ನಿಲ್ಲಿಸಿದಳು. ಕಾರನ್ನು ಹಿಡಿದುಕೊಂಡೇ ಸುತ್ತಿಬಂದು ಆ ಬದಿಯ ಹಿಂಬಾಗಿಲು ತೆರೆದಳು. ಸೀಟಿನ ನಡುವೆ ಅದೇ ತಗ್ಗು. ಅವಳು ಉಸಿರು ಬಿಗಿಹಿಡಿದು ಬೆಲ್ಟ್ ಎಳೆದಳು. ಖಾಲಿ ಸೀಟಿಗೆ ಎಷ್ಟು ಬೇಕೋ ಅದಕ್ಕಿಂತ ಬೆಲ್ಟು ಉದ್ದ ಬೇಕಾಯಿತು. ಸಿಕ್ಕಿಸಿ ಕೈಬಿಟ್ಟಾಗ ಅದು ಸೀಟಿಗೆ ಅಂಟಿ ಬೀಳಲಿಲ್ಲ. ಹೊಟ್ಟೆಯೊಂದನ್ನು ಬಳಸಿದಂತೆ ಗಾಳಿಯಲ್ಲಿ ದುಂಡಗೆ ನಿಂತಿತು, ನಿಂತು ಮೆಲ್ಲಗೆ ಏರಿತು, ಮೆಲ್ಲಗೆ ಇಳಿಯಿತು. ಅವಳು ಬಾಗಿಲನ್ನು ಯಾರ ಬೆರಳೂ ಸಿಕ್ಕಿಕೊಳ್ಳದ ಹಾಗೆ ನಿಧಾನ ಮುಚ್ಚಿದಳು.

ಇಳಿಜಾರು ಶುರುವಾಯಿತು. ಮೊದಲ ತಿರುವಿನಲ್ಲೇ ಎದುರಿಂದ ಮರದ ದಿಮ್ಮಿ ಹೊತ್ತ ಲಾರಿ ಬಂತು. ಹಿಂದಿನಿಂದ ಉಸಿರು ಒಳಗೆಳೆದುಕೊಂಡ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಹಲ್ಲುಕಚ್ಚಿ ಎಳೆದುಕೊಂಡ, ಬಿಡಲು ಮರೆತ ಉಸಿರು.

"ಲಾರಿ ಅತ್ತೆ," ಎಂದಳು. "ಅವನ ಪಾಡಿಗೆ ಅವನು ಹೋಗ್ತಾನೆ. ನೋಡಿ, ಹೋದ."

ಲಾರಿ ಹೋಯಿತು. ಆ ಉಸಿರು ಬಿಟ್ಟ ಸದ್ದು ಕೇಳುವ ತನಕ ಅವಳು ಕಾರನ್ನು ಜೋರು ಮಾಡಲಿಲ್ಲ.

"ಮುಂದೆ ತಿರುವಿದೆ. ಬಲಕ್ಕೆ. ನಿಧಾನ ತಗೋತೀನಿ. ಆಮೇಲೆ ಸೇತುವೆ, ಅಗಲ ಇದೆ. ಸೈಕಲ್ಲಿನವನು ಬರ್ತಿದ್ದಾನೆ, ನಮ್ಮನ್ನ ನೋಡಿದ್ದಾನೆ."

ಗುಡ್ಡ ಇಳಿಯುವಷ್ಟು ಹೊತ್ತೂ ಅವಳು ಹೀಗೆ ರಸ್ತೆಯನ್ನು ಓದಿ ಹೇಳಿದಳು. ಕಾಲು ನೀಡಿ ಕೂತಿದ್ದಳು; ಪೆಡಲಿನ ಮೇಲೆ ಪಾದ ಹಗುರಾಗಿತ್ತು. ಬೆನ್ನ ಹಿಂದೆ ಏನೂ ಇರಲಿಲ್ಲ, ಆ ಏನೂ ಇಲ್ಲದಿರುವುದು ತಣ್ಣಗೆ ತಾಗುತ್ತಿತ್ತು.

ಕಂಪನಿಯ ಗೇಟು ಕಾಣುವಲ್ಲಿ ಫೋನು ಹೊಡೆದುಕೊಂಡಿತು. ಬದಿಗೆ ನಿಲ್ಲಿಸಿ ಎತ್ತಿದಳು. ಸಂಪಾದಕಿ.

"ಏನಮ್ಮಾ, ಪುಟ ಖಾಲಿ ಕೂತಿದೆ. ಅತ್ತೆ ಏನಂದ್ರು?"

"ಬರ್ಕೊಳ್ಳಿ ಮೇಡಂ. ಕಾರು ಒಳ್ಳೇದು. ಓಡಿಸೋರು ನೆಟ್ಟಗೆ ಕೂತರೆ ಅವರ ಹಿಂದೆ ವಯಸ್ಸಾದವರ ಮೊಣಕಾಲಿಗೆ ಜಾಗ ಇಲ್ಲ. ಅವರನ್ನ ಆಚೆ ಬದಿಗೆ ಕೂರಿಸಿ. ಓಡಿಸೋರು ಮುಂದೆ ಸರಿಯಬೇಡಿ. ಮತ್ತೆ, ನಾನು ಈ ಮೊದಲು ಬರೆದ ಕಾರುಗಳಲ್ಲೂ ಹಿಂದಿನ ಜಾಗ ನಾನು ಹೇಳಿದ್ದಕ್ಕಿಂತ ಕಮ್ಮಿ. ಅದನ್ನೂ ಹಾಕಿ."

"ಅಲ್ಲ ಕಣೇ, ಇದು ಅಂಕಣದ ಕುತ್ತಿಗೆಗೇ ಬರುತ್ತೆ. ಇದನ್ನ ಯಾರು ಹೇಳ್ತಿರೋದು? ನೀನೋ, ಅತ್ತೆಯೋ?"

"ನಾನು."

"ಮತ್ತೆ ಅತ್ತೆಯ ಸಾಲು?"

ಡ್ರೈವರಮ್ಮ ಕನ್ನಡಿಯನ್ನು ಮೆಲ್ಲಗೆ ಆಚೆ ಬದಿಗೆ ತಿರುಗಿಸಿದಳು. ಹಿಂದಿನ ಕಿಟಕಿಯ ಗಾಜಿನ ಮೇಲೆ, ಒಳಬದಿಯಿಂದ, ಬಾಯಿಯಷ್ಟು ಅಗಲದ ಮಂಜು ಕಟ್ಟಿತ್ತು. ನೋಡುತ್ತಿದ್ದಂತೆ ಆರಿತು. ಮತ್ತೆ ಕಟ್ಟಿತು.

"ಅವರು ಈಗ ಏನೂ ಹೇಳ್ತಿಲ್ಲ ಮೇಡಂ," ಎಂದಳು. "ರಸ್ತೆ ನೋಡ್ತಿದ್ದಾರೆ."